ಕರಾವಳಿಯಲ್ಲಿ ಮೂರು ರಾತ್ರಿಯ ಕ್ಯಾರವಾನ್ ಪ್ರವಾಸ: ಯೋಜಿಸುವ ಬಗೆ

ಮಳೆಗಾಲ ಹಿಂದೆ ಸರಿದು ಕಡಲು ತಣ್ಣಗಾಗುವ ಹೊತ್ತಿಗೆ ಓದುಗರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಕ್ಯಾರವಾನ್ ಬಾಡಿಗೆಗೆ ಪಡೆದು ಮಂಗಳೂರಿನಿಂದ ಕಾರವಾರದ ಕಡೆಗೆ ಹೋಗಬೇಕೆಂದಿದ್ದೇವೆ, ಎಲ್ಲೆಲ್ಲಿ ನಿಲ್ಲಬೇಕು? ಕ್ಯಾರವಾನ್ ಎಂದರೆ ಮಲಗಲು ಹಾಸಿಗೆ, ಪುಟ್ಟ ಅಡುಗೆಕಟ್ಟೆ, ನೀರಿನ ತೊಟ್ಟಿ ಮತ್ತು ಸಾಮಾನ್ಯವಾಗಿ ಶೌಚಾಲಯವನ್ನೂ ಒಳಗೊಂಡ ವಾಹನ. ಅಮೆರಿಕದವರು ಆರ್‌.ವಿ. ಎನ್ನುವುದೂ ಇದೇ ಬಗೆಯ ವಾಹನಕ್ಕೆ. ಆದರೆ ಅಲ್ಲಿ ಊರೂರಿಗೆ ಇರುವ ವಿದ್ಯುತ್, ನೀರು ಮತ್ತು ಕೊಳಚೆ ವಿಸರ್ಜನೆಯ ವ್ಯವಸ್ಥೆ ನಮ್ಮ ಕರಾವಳಿಯಲ್ಲಿಲ್ಲ. ಆದ್ದರಿಂದ ಎಲ್ಲಿ ಏನು ನೋಡಬೇಕು ಎಂಬುದಕ್ಕಿಂತ ಮೊದಲು ಎಲ್ಲಿ ರಾತ್ರಿ ಕಳೆಯಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಈ ಕ್ರಮವನ್ನು ತಿರುಗುಮುರುಗು ಮಾಡಿದವರೇ ಕತ್ತಲಾದ ಮೇಲೆ ಹೆದ್ದಾರಿಯ ಅಂಚಿನಲ್ಲಿ ಜಾಗ ಹುಡುಕುತ್ತಾ ಸುಸ್ತಾಗುತ್ತಾರೆ.

ನಾಲ್ವರ ಒಂದು ಕುಟುಂಬ, ಮೂರು ರಾತ್ರಿ, ರಾಷ್ಟ್ರೀಯ ಹೆದ್ದಾರಿ 66ರ ಮಂಗಳೂರು–ಅಂಕೋಲಾ ಭಾಗ ಎಂದಿಟ್ಟುಕೊಂಡು ಇಲ್ಲಿನ ಹಂತಗಳನ್ನು ಬರೆದಿದ್ದೇನೆ.

1. ಕಾಲವನ್ನು ನಿಶ್ಚಯಿಸಿ

ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಅತ್ಯುತ್ತಮ. ಮಾರ್ಚ್ ನಂತರ ಸೆಕೆ ಏರಿ, ತಗಡಿನ ಗೋಡೆಗಳ ವಾಹನದೊಳಗೆ ರಾತ್ರಿ ನಿದ್ದೆ ಮಾಡುವುದು ಕಷ್ಟವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸವನ್ನು ಕೈಗೊಳ್ಳಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲೆ ಬಿದ್ದು, ರಸ್ತೆಬದಿಯಲ್ಲಿ ನಿಂತಿದ್ದವರೂ ವಾಹನಗಳೂ ಗಂಗಾವಳಿ ನದಿಗೆ ತಳ್ಳಲ್ಪಟ್ಟಿದ್ದನ್ನು ನೀವು ಮರೆತಿರಲಾರಿರಿ. ಅದಾದ ಸುಮಾರು ಮೂರು ವಾರಕ್ಕೆ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಹೆದ್ದಾರಿ ಅಗಲಿಸಲು ಕಡಿದಾಗಿ ಕತ್ತರಿಸಿದ ಗುಡ್ಡಗಳ ಬುಡದಲ್ಲಿ ಮಳೆಗಾಲದಲ್ಲಿ ವಾಹನ ನಿಲ್ಲಿಸಿ ಚಹಾ ಕುಡಿಯುವುದು ಕೂಡ ಅಪಾಯಕರ.

ಶುಕ್ರವಾರದಿಂದ ಭಾನುವಾರದವರೆಗಿನ ದಿನಗಳನ್ನೂ ಡಿಸೆಂಬರ್‌ನ ಕೊನೆಯ ವಾರವನ್ನೂ ಬಿಟ್ಟರೆ ನಿಮ್ಮ ಅರ್ಧದಷ್ಟು ತೊಂದರೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಮುರುಡೇಶ್ವರ, ಗೋಕರ್ಣಗಳಲ್ಲಿ ಆ ದಿನಗಳಂದು ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ.

2. ವಾಹನವನ್ನು ಆರಿಸಿ, ಕಾಗದಪತ್ರಗಳನ್ನು ಪರಿಶೀಲಿಸಿ

ಬಾಡಿಗೆ ಕ್ಯಾರವಾನ್‌ಗಳು ಚಾಲಕಸಹಿತವಾಗಿಯೂ ಸ್ವಯಂಚಾಲನೆಗೂ ದೊರೆಯುತ್ತವೆ. ಘಾಟಿ ರಸ್ತೆಯಲ್ಲಿ ದೊಡ್ಡ ವಾಹನ ಓಡಿಸಿ ಅಭ್ಯಾಸವಿಲ್ಲದವರು ಮೊದಲ ಸಲ ಚಾಲಕರನ್ನು ಕರೆದುಕೊಂಡು ಹೋಗುವುದು ಒಳಿತು. ಆದರೆ ಚಾಲಕರ ರಾತ್ರಿಯ ವಾಸಕ್ಕೂ ಊಟಕ್ಕೂ ವ್ಯವಸ್ಥೆ ಮಾಡುವ ಹೊಣೆ ನಿಮ್ಮದಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ನೀವೇ ಓಡಿಸುವುದಾದರೆ ನೋಂದಣಿ ಫಲಕವನ್ನು ಗಮನಿಸಿ. ಸ್ವಯಂಚಾಲನೆಗೆ ಬಾಡಿಗೆ ಕೊಡಲು ಅನುಮತಿ ಪಡೆದ ವಾಹನದ ಫಲಕ ಕಪ್ಪು ಬಣ್ಣದ್ದಾಗಿದ್ದು, ಅಕ್ಷರಗಳು ಹಳದಿಯಾಗಿರುತ್ತವೆ. ಬಿಳಿ ಫಲಕದ ಸ್ವಂತ ಬಳಕೆಯ ವಾಹನವನ್ನು ಯಾರಾದರೂ ಕಡಿಮೆ ದರಕ್ಕೆ ಬಾಡಿಗೆಗೆ ಕೊಟ್ಟರೆ, ಅಪಘಾತವಾದಾಗ ವಿಮಾ ಪರಿಹಾರ ತಿರಸ್ಕೃತವಾಗುವ ಸಾಧ್ಯತೆಯಿದೆ. ಲಘು ವಾಹನದ ಪರವಾನಗಿ ಉಳ್ಳವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ನಿಮ್ಮ ವಾಹನ ಆ ಮಿತಿಯೊಳಗಿದೆಯೇ ಎಂಬುದನ್ನು ನೋಂದಣಿ ಪತ್ರದಲ್ಲಿ ನೋಡಿಕೊಳ್ಳಿ. ಕಾರವಾರ ದಾಟಿ ಗೋವಾಕ್ಕೂ ಹೋಗುವ ಆಸೆಯಿದ್ದರೆ ಹೊರರಾಜ್ಯದ ಪರವಾನಗಿಯ ಬಗ್ಗೆ ಮಾಲೀಕರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಕೀಲಿ ಕೈಗೆ ಬಂದ ಕೂಡಲೇ ವಾಹನದ ಎತ್ತರ ಮತ್ತು ಉದ್ದವನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಚಾಲಕನ ಕಣ್ಣಿಗೆ ಬೀಳುವಂತೆ ಅಂಟಿಸಿ. ಮೇಲಿನ ಹವಾನಿಯಂತ್ರಣ ಪೆಟ್ಟಿಗೆ, ಸೌರಫಲಕಗಳನ್ನು ಸೇರಿಸಿಯೇ ಎತ್ತರವನ್ನು ಹೇಳಬೇಕು. ಪೆಟ್ರೋಲ್ ಬಂಕಿನ ಚಾವಣಿ, ಹಳ್ಳಿಯ ಸ್ವಾಗತ ಕಮಾನು, ರೈಲು ಹಳಿಯ ಕೆಳಸೇತುವೆ, ಜೋತುಬಿದ್ದ ವಿದ್ಯುತ್ ತಂತಿ ಇವೆಲ್ಲ ಕಾರು ಓಡಿಸುವವರ ಗಮನಕ್ಕೇ ಬಾರದ ಸಂಗತಿಗಳು.

3. ರಾತ್ರಿಯ ಮೂರು ತಂಗುದಾಣಗಳನ್ನು ಗೊತ್ತುಮಾಡಿ

ಕರಾವಳಿಯಲ್ಲಿ ಕ್ಯಾರವಾನ್‌ಗಳಿಗೆಂದೇ ಸಜ್ಜುಗೊಳಿಸಿದ ಜಾಗಗಳು ತೀರ ಕಡಿಮೆ. ಹೀಗಾಗಿ ಅಂಗಳ ಉಳ್ಳ ಹೋಮ್‌ಸ್ಟೇ, ಕಡಲಬದಿಯ ರೆಸಾರ್ಟ್, ದೊಡ್ಡ ಆವರಣದ ವಸತಿಗೃಹ ಇವುಗಳನ್ನೇ ಆಶ್ರಯಿಸಬೇಕು. ಕೋಣೆ ಬೇಡ, ವಾಹನ ನಿಲ್ಲಿಸಲು ಜಾಗ, ಒಂದು ವಿದ್ಯುತ್ ಸಂಪರ್ಕ, ನೀರು ಮತ್ತು ಒಂದು ಶೌಚಾಲಯದ ಬಳಕೆ ಸಾಕು ಎಂದು ಸ್ಪಷ್ಟವಾಗಿ ಕೇಳಿ. ಇದು ಏನೆಂದು ಹಲವರಿಗೆ ತಿಳಿದಿರುವುದಿಲ್ಲವಾದ್ದರಿಂದ ವಾಹನದ ಚಿತ್ರ ಕಳಿಸಿದರೆ ಮಾತು ಸುಲಭವಾಗುತ್ತದೆ. ನನ್ನ ಅನುಭವದಲ್ಲಿ, ನಾಲ್ಕು ಜನರ ಊಟವನ್ನು ಅಲ್ಲಿಯೇ ಮಾಡುತ್ತೇವೆಂದು ಹೇಳಿದರೆ ಬೇಡವೆನ್ನುವವರು ವಿರಳ.

ಫೋನಿನಲ್ಲಿ ಈ ಪ್ರಶ್ನೆಗಳನ್ನು ತಪ್ಪದೆ ಕೇಳಿ. ಗೇಟಿನ ಅಗಲ ಎಷ್ಟು? ಹೆದ್ದಾರಿಯಿಂದ ಮನೆಯವರೆಗಿನ ದಾರಿಯಲ್ಲಿ ಶಾಲಾ ಬಸ್ಸೋ ಲಾರಿಯೋ ಬಂದುಹೋಗುತ್ತದೆಯೇ? ನೆಲ ಮುರಕಲ್ಲಿನದೋ, ಹೊಯಿಗೆಯದೋ? ವಾಹನ ತಿರುಗಿಸಲು ಜಾಗವಿದೆಯೇ? ಹದಿನಾರು ಆಂಪಿಯರ್‌ನ ದೊಡ್ಡ ಪ್ಲಗ್ ಪಾಯಿಂಟ್ ಹೊರಗಡೆ ಇದೆಯೇ? ಇವುಗಳಲ್ಲಿ ಶಾಲಾ ಬಸ್ಸಿನ ಪ್ರಶ್ನೆ ಅತ್ಯಂತ ಉಪಯುಕ್ತ. ದಾರಿ ಅಗಲವಾಗಿದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬಸ್ಸು ಬರುವುದಿಲ್ಲ ಎಂದಾದರೆ ನಿಮ್ಮ ವಾಹನವೂ ಹೋಗಬಾರದು.

ಜಾಗ ತಲುಪಿದ ಮೇಲೆ ಮೂರು ತಪ್ಪುಗಳನ್ನು ಮಾಡಬೇಡಿ. ತೆಂಗಿನಮರದ ಕೆಳಗೆ ವಾಹನ ನಿಲ್ಲಿಸಬೇಡಿ, ಬೀಳುವ ಒಂದು ಕಾಯಿ ಗಾಜನ್ನೂ ಸೌರಫಲಕವನ್ನೂ ಒಡೆಯಬಲ್ಲದು, ಮನುಷ್ಯರ ಮೇಲೆ ಬಿದ್ದರೆ ಹೇಳುವುದೇ ಬೇಡ. ಹೊಯಿಗೆಯ ಮೇಲೆ ಚಕ್ರ ಇಳಿಸಬೇಡಿ. ಮರವಂತೆಯ ಬಳಿ ನಾನು ಹೀಗೆ ಸಿಕ್ಕಿಕೊಂಡಾಗ ಎಂಟು ಮಂದಿ ಮೀನುಗಾರರು ದೋಣಿ ಎಳೆಯುವ ಹಗ್ಗ ತಂದು ಎಳೆದುಕೊಟ್ಟರು. ಮೂರನೆಯದಾಗಿ, ವಾಹನವನ್ನು ಮಟ್ಟಸವಾಗಿ ನಿಲ್ಲಿಸದೆ ಮಲಗಬೇಡಿ. ತಲೆ ತಗ್ಗಾದರೆ ನಿದ್ದೆ ಬಾರದು, ತೊಟ್ಟಿಯ ನೀರೂ ಸರಿಯಾಗಿ ಹರಿಯದು. ಒಂದು ಲೋಟದಲ್ಲಿ ನೀರು ತುಂಬಿ ಅಡುಗೆಕಟ್ಟೆಯ ಮೇಲಿಟ್ಟು ನೋಡಿದರೆ ಓರೆ ತಿಳಿಯುತ್ತದೆ. ತಗ್ಗಿನ ಕಡೆಯ ಚಕ್ರವನ್ನು ದಪ್ಪ ಮರದ ಹಲಗೆಯ ಮೇಲೆ ಹತ್ತಿಸಿ ಸರಿಪಡಿಸಬಹುದು.

ಕಡಲ ತೀರದಲ್ಲೇ ರಾತ್ರಿ ಕಳೆಯುವ ಆಸೆಯನ್ನು ಬಿಟ್ಟುಬಿಡಿ. ಉತ್ತರ ಕನ್ನಡದ ಹಲವು ತೀರಗಳಿಗೆ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ತೀರದ ಬೆಳಕು ಮರಿಗಳ ದಿಕ್ಕು ತಪ್ಪಿಸುತ್ತದೆ, ಚಕ್ರಗಳು ಗೂಡುಗಳನ್ನು ಹಿಸುಕುತ್ತವೆ.

4. ಘಾಟಿ ಮತ್ತು ದಿನದ ಕಿಲೋಮೀಟರ್‌ಗಳನ್ನು ಲೆಕ್ಕಹಾಕಿ

ಬೆಂಗಳೂರಿನ ಕಡೆಯಿಂದ ಬರುವವರು ಇಳಿಯಲು ಶಿರಾಡಿ ಘಾಟಿಯನ್ನೂ, ಮರಳಲು ಅಂಕೋಲಾದಿಂದ ಅರಬೈಲು ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿಯ ದಾರಿಯನ್ನೂ ಬಳಸಬಹುದು. ಎರಡರಲ್ಲೂ ಲಾರಿಗಳು ಓಡುವುದರಿಂದ ತಿರುವುಗಳು ದೊಡ್ಡ ವಾಹನಕ್ಕೆ ಒಗ್ಗುತ್ತವೆ. ಆಗುಂಬೆಯ ದಾರಿ ಎಷ್ಟೇ ಚೆಲುವಾಗಿದ್ದರೂ ಅದರ ಬಿಗಿಯಾದ ತಿರುವುಗಳು ಕ್ಯಾರವಾನ್‌ಗೆ ಹೇಳಿಸಿದ್ದಲ್ಲ. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೆಯೋ ಇಳಿಯುವಾಗಲೂ ಅದೇ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ವೇಗ ತಗ್ಗಿಸಿ. ಎರಡು ಘಾಟಿಗಳನ್ನೂ ಹಗಲಿನಲ್ಲೇ ದಾಟಿ.

ಕರಾವಳಿಗೆ ಇಳಿದ ಮೇಲೆ ದಿನಕ್ಕೆ 100 ಕಿಲೋಮೀಟರ್‌ಗಿಂತ ಹೆಚ್ಚು ಓಡಿಸಬೇಡಿ, ಎರಡಕ್ಕಿಂತ ಹೆಚ್ಚು ದೊಡ್ಡ ನಿಲುಗಡೆಗಳನ್ನೂ ಇಟ್ಟುಕೊಳ್ಳಬೇಡಿ. ಹೆದ್ದಾರಿ ಅಗಲವಾಗಿದೆ, ಎರಡು ಗಂಟೆಯಲ್ಲಿ ಹೋಗಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಕ್ಯಾರವಾನ್ ನಿಲ್ಲಿಸಿದಾಗಲೆಲ್ಲ ಪಾತ್ರೆ ಪಡಗ ಭದ್ರಪಡಿಸುವುದು, ಅನಿಲ ಮುಚ್ಚುವುದು, ತಂತಿ ಸುತ್ತುವುದು ಇವುಗಳಿಗೇ ಅರ್ಧ ಗಂಟೆ ಹೋಗುತ್ತದೆ. ಸಂಜೆ ಐದಕ್ಕೆ ತಂಗುದಾಣದಲ್ಲಿರಬೇಕು ಎಂಬುದನ್ನು ನಿಯಮವಾಗಿ ಪಾಲಿಸಿ.

ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆಗಳಲ್ಲಿ ಟೋಲ್ ಇದೆ. ಈ ಟೋಲ್‌ನ ಶಿರೂರು ಬೈಂದೂರು ತಾಲ್ಲೂಕಿನದು. ಮೇಲೆ ಹೇಳಿದ ಗುಡ್ಡಕುಸಿತದ ಶಿರೂರು ಬೇರೆ, ಅದು ಅಂಕೋಲಾ ತಾಲ್ಲೂಕಿನಲ್ಲಿದೆ. ನಕಾಶೆಯಲ್ಲಿ ಹುಡುಕುವಾಗ ಇವೆರಡನ್ನು ಬೆರೆಸಿಕೊಂಡವರಿದ್ದಾರೆ.

5. ಪ್ರಕೃತಿಯ ನಿಲುಗಡೆಗಳನ್ನು ಉಬ್ಬರವಿಳಿತಕ್ಕೆ ಹೊಂದಿಸಿ

ಉಬ್ಬರವಿಳಿತ ಎಂದರೆ ದಿನಕ್ಕೆ ಎರಡು ಬಾರಿ ಕಡಲ ನೀರು ಏರಿ ಇಳಿಯುವುದು. ಪ್ರತಿದಿನವೂ ಇದು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗುತ್ತದೆ. ಇಂದು ಬೆಳಿಗ್ಗೆ ಎಂಟಕ್ಕೆ ಇಳಿತವಿದ್ದರೆ ನಾಳೆ ಒಂಬತ್ತಕ್ಕೆ ಸ್ವಲ್ಪ ಮೊದಲು ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಪಂಚಾಂಗವನ್ನೂ ಉಬ್ಬರದ ವೇಳಾಪಟ್ಟಿಯನ್ನೂ ಎದುರಿಗಿಟ್ಟುಕೊಂಡು ಮುಂದಿನ ಯೋಜನೆ ಮಾಡಿ.

ಮೊದಲ ದಿನ ಮಂಗಳೂರಿನಿಂದ ಹೊರಟು ಪಡುಬಿದ್ರಿ ಅಥವಾ ಕಾಪುವಿನಲ್ಲಿ ನಿಂತು, ಕುಂದಾಪುರದ ಸುತ್ತಮುತ್ತ ತಂಗಿ. ಒಟ್ಟು ದೂರ ಸುಮಾರು 95 ಕಿಲೋಮೀಟರ್. ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು ತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ನೀರಿನ ಶುದ್ಧಿ, ಸುರಕ್ಷತೆ, ನೈರ್ಮಲ್ಯಗಳನ್ನು ಪರೀಕ್ಷಿಸಿ ಕೊಡುವ ಅಂತಾರಾಷ್ಟ್ರೀಯ ಗುರುತು ಅದು. ಮಕ್ಕಳಿದ್ದರೆ ಸ್ನಾನಗೃಹ, ಜೀವರಕ್ಷಕರು ಇರುವ ಇಂಥ ತೀರವನ್ನೇ ಆರಿಸುವುದು ಜಾಣತನ. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ.

ನಾಲ್ಕನೆಯ ರಾತ್ರಿಯೊಂದನ್ನು ಸೇರಿಸಬಲ್ಲವರು ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬರಬೇಕು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತಾ ಕುಗ್ಗಿ, ಕಂಬಕಂಬಗಳಾಗಿ ಸೀಳಿದ ಬಂಡೆಗಳು ಅಲ್ಲಿವೆ. ಮೂರೇ ರಾತ್ರಿ ಇದ್ದರೆ ಇದನ್ನು ಸೇರಿಸಬೇಡಿ, ದೋಣಿಯ ಸರದಿಗೆ ಕಾದು ಅರ್ಧ ದಿನ ಕಳೆಯುತ್ತದೆ.

ಎರಡನೆಯ ದಿನ ಬೆಳಿಗ್ಗೆ ಬೇಗ ಹೊರಟು ಮರವಂತೆ ತಲುಪಿ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ನೋಟಕ್ಕೆ ಮರುಳಾಗಿ ರಸ್ತೆಯಂಚಿನಲ್ಲೇ ವಾಹನ ನಿಲ್ಲಿಸಬೇಡಿ, ಹಿಂದಿನಿಂದ ಬರುವ ಲಾರಿಗಳ ವೇಗ ಹೆಚ್ಚಿರುತ್ತದೆ. ಮುಂದೆ ಬೈಂದೂರಿನ ಒತ್ತಿನೆಣೆಯ ಗುಡ್ಡದಿಂದ ಕಡಲು ವಿಶಾಲವಾಗಿ ಕಾಣುತ್ತದೆ. ಕುಂದಾಪುರದಿಂದ ಹೊನ್ನಾವರಕ್ಕೆ 90 ಕಿಲೋಮೀಟರ್‌ನಷ್ಟಿದ್ದು, ರಾತ್ರಿ ಕಾಸರಕೋಡಿನ ಆಸುಪಾಸಿನಲ್ಲಿ ತಂಗಬಹುದು.

ಮೂರನೆಯ ದಿನವೇ ಈ ಪ್ರವಾಸದ ತಿರುಳು. ಹೊನ್ನಾವರದ ಬಳಿ ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಕಾಂಡ್ಲಾ ವನದ ನಡುವೆ ಅರಣ್ಯ ಇಲಾಖೆ ನಿರ್ಮಿಸಿದ ಕಾಲುದಾರಿಯಿದೆ. ಅಳಿವೆ ಎಂದರೆ ನದಿಯ ಸಿಹಿನೀರೂ ಕಡಲ ಉಪ್ಪುನೀರೂ ಬೆರೆಯುವ ಜಾಗ, ಅಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳಿಗೆ ಸ್ಥಳೀಯರು ಕಾಂಡ್ಲಾ ಎನ್ನುತ್ತಾರೆ. ಇಳಿತದ ಹೊತ್ತಿಗೆ ಹೋದರೆ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳೂ ಏಡಿಗಳೂ ಕಾಣುತ್ತವೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬದುಕುವುದಕ್ಕಾಗಿ ಗಿಡ ಈ ಬೇರುಗಳ ಮೂಲಕ ಉಸಿರಾಡುತ್ತದೆ. ಉಬ್ಬರದಲ್ಲಿ ಹೋದರೆ ನೀರಿನ ಮೇಲೆ ತೇಲುವ ಹಸಿರು ಮಾತ್ರ ಕಾಣುತ್ತದೆ, ಅದೂ ಚೆಂದವೇ, ಆದರೆ ಮಕ್ಕಳಿಗೆ ತೋರಿಸಬೇಕಾದದ್ದು ಬೇರುಗಳನ್ನು.

ಅಲ್ಲಿಂದ ಕುಮಟಾ ದಾಟಿದರೆ ಹೆದ್ದಾರಿಗೆ ಹತ್ತಿರದಲ್ಲೇ ಮುರಕಲ್ಲಿನ ಮಿರ್ಜಾನ್ ಕೋಟೆ, ಅದರಾಚೆ ಅಘನಾಶಿನಿಯ ಅಳಿವೆ. ಶಿರಸಿಯ ಬಳಿ ಹುಟ್ಟುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯನ್ನು 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ರಾಮ್ಸರ್ ಪಟ್ಟಿಗೆ ಸೇರಿಸಲಾಯಿತು. ಇಳಿತದಲ್ಲಿ ಊರಿನ ಹೆಂಗಸರು ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳಾದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಕೆಲಸ ಮಾಡುತ್ತಿರುವವರ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಿ.

ಗೋಕರ್ಣದಲ್ಲಿ ರಥಬೀದಿಯ ಕಡೆಗೆ ಕ್ಯಾರವಾನ್ ಒಯ್ಯಲೇಬೇಡಿ, ಊರ ಹೊರಗಿನ ತಂಗುದಾಣದಲ್ಲಿಟ್ಟು ಆಟೋ ಹಿಡಿಯಿರಿ. ಯಾಣದ ಕಪ್ಪು ಶಿಖರಗಳನ್ನು ನೋಡುವ ಆಸೆಯಿದ್ದರೂ ಕಾಡಿನ ಆ ದಾರಿಗೆ ಕುಮಟಾದಿಂದ ಚಿಕ್ಕ ವಾಹನವನ್ನೇ ಗೊತ್ತುಮಾಡಿಕೊಳ್ಳುವುದು ಲೇಸು. ನಾಲ್ಕನೆಯ ದಿನ ಬೆಳಿಗ್ಗೆ ಅಂಕೋಲಾದ ಮೂಲಕ ಘಾಟಿ ಹತ್ತಿ.

ಎಲ್ಲ ತೀರಗಳಿಗೂ ಒಂದು ಎಚ್ಚರಿಕೆ ಅನ್ವಯಿಸುತ್ತದೆ. ತೀರದಿಂದ ಒಳಕ್ಕೆ ಎಳೆಯುವ ಸೆಳೆತವಿದ್ದ ಕಡೆ ನೀರು ಸುತ್ತಲಿಗಿಂತ ಶಾಂತವಾಗಿ ಕಾಣುತ್ತದೆ, ತಿಳಿಯದವರು ಅದನ್ನೇ ಆರಿಸಿಕೊಂಡು ಇಳಿಯುತ್ತಾರೆ. ಕೆಂಪು ಬಾವುಟ ಇರುವಲ್ಲಿ, ಜೀವರಕ್ಷಕರು ಇಲ್ಲದಲ್ಲಿ ಮೊಣಕಾಲಿನ ಮಟ್ಟವನ್ನೂ ಮೀರಬೇಡಿ.

6. ನೀರು, ವಿದ್ಯುತ್, ಅನಿಲದ ಲೆಕ್ಕ

ಮಿತವಾಗಿ ಬಳಸಿದರೂ ಒಬ್ಬರಿಗೆ ದಿನಕ್ಕೆ 15ರಿಂದ 20 ಲೀಟರ್ ನೀರು ಬೇಕಾಗುತ್ತದೆ. ನಾಲ್ವರಿಗೆ 100 ಲೀಟರ್‌ನ ತೊಟ್ಟಿ ಒಂದು ದಿನಕ್ಕಿಂತ ತುಸು ಹೆಚ್ಚು ಕಾಲ ಬರುತ್ತದೆ. ಹೀಗಾಗಿ ಪ್ರತಿ ತಂಗುದಾಣದಲ್ಲೂ ತುಂಬಿಸಿಕೊಳ್ಳಿ. ಕಡಲಬದಿಯ ಕೆಲವು ಬಾವಿಗಳ ನೀರು ಉಪ್ಪಾಗಿರುವುದರಿಂದ ಮೊದಲು ಬಾಯಿಗೆ ಹಾಕಿ ನೋಡಿ, ಕುಡಿಯುವ ನೀರನ್ನು ಬೇರೆ ಕ್ಯಾನಿನಲ್ಲಿಡಿ.

ವಿದ್ಯುತ್ತಿನ ವಿಷಯದಲ್ಲೇ ಜನ ಹೆಚ್ಚು ಮೋಸಹೋಗುತ್ತಾರೆ. ವಾಹನದಲ್ಲಿ ಎಂಜಿನ್ ಚಾಲೂ ಮಾಡುವ ಬ್ಯಾಟರಿಯಲ್ಲದೆ ಮನೆಬಳಕೆಗೆಂದು ಇನ್ನೊಂದು ಬ್ಯಾಟರಿ ಇರುತ್ತದೆ. 12 ವೋಲ್ಟ್, 200 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು ಸುಮಾರು 2.4 ಯೂನಿಟ್. ಸೀಸ-ಆಮ್ಲದ ಬ್ಯಾಟರಿಯಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಇಲ್ಲವಾದರೆ ಬೇಗ ಹಾಳಾಗುತ್ತದೆ. ಒಂದು ಟನ್ನಿನ ಹವಾನಿಯಂತ್ರಕ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ಅಂದರೆ ರಾತ್ರಿಯಿಡೀ ತಂಪು ಬೇಕಾದರೆ ಹೊರಗಿನ ವಿದ್ಯುತ್ ಇರಲೇಬೇಕು. ಫ್ಯಾನು, ದೀಪ, ಫೋನುಗಳಿಗೆ ಬ್ಯಾಟರಿ ಸಾಕು. ಹೊರಗಿನ ಸಂಪರ್ಕಕ್ಕೆ 2.5 ಚದರ ಮಿಲಿಮೀಟರ್ ತಂತಿಯ, 15ರಿಂದ 20 ಮೀಟರ್ ಉದ್ದದ, ಭೂಸಂಪರ್ಕವಿರುವ ಎಕ್ಸ್‌ಟೆನ್ಷನ್ ಒಯ್ಯಿರಿ. ತೆಳುವಾದ ಸಾಮಾನ್ಯ ತಂತಿ ಬಿಸಿಯಾಗಿ ಬೆಂಕಿಗೆ ಕಾರಣವಾಗಬಲ್ಲದು. ಸುರುಳಿ ಸುತ್ತಿದ ಸ್ಥಿತಿಯಲ್ಲೇ ಬಳಸಿದರೂ ಇದೇ ಅಪಾಯವಿದೆ, ಆದ್ದರಿಂದ ಪೂರ್ತಿ ಬಿಚ್ಚಿ ಹರಡಿ.

ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಚಲಿಸುವಾಗ ಸಿಲಿಂಡರಿನ ವಾಲ್ವ್ ಮುಚ್ಚಿರಲಿ, ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ, ಬಾಗಿಲು ಹಾಕಿಕೊಂಡು ಮಲಗುವ ಮೊದಲು ಮತ್ತೊಮ್ಮೆ ನೋಡಿ. ಮೀನು ಹುರಿಯುವ ಕೆಲಸವನ್ನು ವಾಹನದೊಳಗೆ ಇಟ್ಟುಕೊಳ್ಳಬೇಡಿ, ವಾಸನೆ ಹಾಸಿಗೆಗಳಲ್ಲಿ ಉಳಿಯುತ್ತದೆ.

7. ಕೊಳಚೆಯನ್ನು ಎಲ್ಲಿ ಸುರಿಯಬೇಕೆಂದು ಮೊದಲೇ ತಿಳಿಯಿರಿ

ಪಾತ್ರೆ ತೊಳೆದ, ಸ್ನಾನದ ನೀರು ಒಂದು ತೊಟ್ಟಿಯಲ್ಲೂ ಶೌಚದ ಮಲಿನ ಇನ್ನೊಂದರಲ್ಲೂ ಸೇರುತ್ತವೆ. ಚಿಕ್ಕ ವಾಹನಗಳಲ್ಲಿ ಎರಡನೆಯದು ಕ್ಯಾಸೆಟ್ ಶೌಚಾಲಯವಾಗಿರುತ್ತದೆ. ಅಂದರೆ ಹೊರಗಿನಿಂದ ಎಳೆದು ತೆಗೆಯಬಹುದಾದ, 20 ಲೀಟರ್‌ನಷ್ಟು ಹಿಡಿಯುವ ಪೆಟ್ಟಿಗೆ. ನಾಲ್ವರು ಬಳಸಿದರೆ ಅದು ಒಂದೂವರೆ ದಿನದಲ್ಲಿ ತುಂಬುತ್ತದೆ. ಹಾಗಾಗಿ ಅದನ್ನು ರಾತ್ರಿಗೆ ಮಾತ್ರ ಇಟ್ಟುಕೊಂಡು, ಹಗಲಿನಲ್ಲಿ ತಂಗುದಾಣದ ಅಥವಾ ತೀರದ ಶೌಚಾಲಯಗಳನ್ನು ಬಳಸಿ.

ತುಂಬಿದ ಪೆಟ್ಟಿಗೆಯನ್ನು ಸೆಪ್ಟಿಕ್ ಗುಂಡಿಗೆ ಸೇರುವ ಶೌಚಾಲಯದಲ್ಲಿ, ಮನೆಯವರ ಒಪ್ಪಿಗೆ ಪಡೆದು, ನಿಧಾನವಾಗಿ ಸುರಿದು ನೀರು ಹಾಕಿ. ಪೆಟ್ಟಿಗೆಗೆ ಹಾಕುವ ದ್ರವದಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಅದು ಗುಂಡಿಯ ಉಪಯುಕ್ತ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಆದ್ದರಿಂದ ಜೈವಿಕ ಕಿಣ್ವದ ದ್ರವವನ್ನೇ ಕೇಳಿ ಪಡೆಯಿರಿ. ತೋಡಿಗೆ, ಹೊಳೆಗೆ, ಕಾಂಡ್ಲಾ ವನದ ಅಂಚಿಗೆ ಒಂದು ಲೋಟದಷ್ಟನ್ನೂ ಸುರಿಯಬೇಡಿ. ಬಳಚು ತನ್ನೊಳಗೆ ನೀರನ್ನು ಸೋಸಿಕೊಂಡು ಬದುಕುವ ಜೀವಿ, ನೀರಿನ ಮಲಿನವೂ ಅದರ ಮೈಯಲ್ಲೇ ಸೇರುತ್ತದೆ. ಅದನ್ನು ಹೆಕ್ಕಿ ಮಾರುವವರ ಅನ್ನ, ತಿನ್ನುವವರ ಆರೋಗ್ಯ ಎರಡೂ ನಿಮ್ಮ ಒಂದು ಕ್ಷಣದ ಸೋಮಾರಿತನಕ್ಕೆ ಬಲಿಯಾಗಬಾರದು. ಪಾತ್ರೆ ತೊಳೆದ ನೀರನ್ನು ತೋಟದ ಮಾಲೀಕರು ಒಪ್ಪಿದರೆ ತೆಂಗಿನ ಬುಡಕ್ಕೆ ಬಿಡಬಹುದು. ಎಣ್ಣೆ ಜಿಡ್ಡನ್ನು ಮೊದಲು ಕಾಗದದಿಂದ ಒರೆಸಿ, ಒಣಕಸದ ಚೀಲಕ್ಕೆ ಹಾಕಿ.

8. ವಾಹನ ಮರಳಿಸುವ ಮುನ್ನ

ಕಡಲ ಗಾಳಿಯ ಉಪ್ಪು ಲೋಹವನ್ನು ತಿನ್ನುವುದರಿಂದ, ಘಾಟಿ ಹತ್ತಿದ ಮೇಲೆ ಯಲ್ಲಾಪುರದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ವಾಹನದ ತಳಭಾಗವನ್ನು ಸಿಹಿನೀರಿನಿಂದ ತೊಳೆಸಿ. ಕೊನೆಯ ತಂಗುದಾಣ ಬಿಡುವ ಮೊದಲೇ ಎರಡೂ ಕೊಳಚೆ ತೊಟ್ಟಿಗಳನ್ನು ಖಾಲಿ ಮಾಡಿ. ಬೆಂಗಳೂರು ತಲುಪಿದ ಮೇಲೆ ನೋಡೋಣ ಎಂದುಕೊಂಡರೆ ಅಲ್ಲಿ ಅದಕ್ಕೆ ಜಾಗ ಹುಡುಕುವುದು ಇನ್ನೂ ಕಷ್ಟ, ಮಾಲೀಕರು ಅದಕ್ಕೆಂದು ಠೇವಣಿಯಿಂದ ಹಣ ಕಡಿತ ಮಾಡುವುದೂ ಉಂಟು. ಹೊರಡುವ ದಿನ ವಾಹನದ ನಾಲ್ಕೂ ಬದಿ, ಮೇಲ್ಭಾಗ, ಒಳಾಂಗಣ ಮತ್ತು ಓಡಿದ ಕಿಲೋಮೀಟರಿನ ಚಿತ್ರಗಳನ್ನು ತೆಗೆದಿದ್ದರೆ, ಮರಳಿಸುವಾಗ ಅದೇ ಕೋನಗಳಿಂದ ಮತ್ತೆ ತೆಗೆದು, ಮಾಲೀಕರ ಎದುರಿನಲ್ಲೇ ಹೋಲಿಸಿ ನೋಡಿ ಕೀಲಿ ಒಪ್ಪಿಸಿ.